ಸಿಹಿನೀರಿನ ಡಯಾಟಂಗಳ ಸಹವಾಸಿ ಬ್ಯಾಕ್ಟೀರಿಯಾಗಳು

ಡಯಾಟಂ ಎಂಬುದು ಸಿಲಿಕಾ ಕವಚದೊಳಗೆ ಬದುಕುವ ಏಕಕೋಶ ಶೈವಲ. ಕವಚಕ್ಕೆ ಎರಡು ಹೋಳು. ಡಬ್ಬಿಗೆ ಮುಚ್ಚಳ ಕೂತಂತೆ ತುಸು ದೊಡ್ಡ ಹೋಳು ಚಿಕ್ಕದರ ಅಂಚನ್ನು ಆವರಿಸಿರುತ್ತದೆ. ಹೆಚ್ಚಿನ ಪ್ರಭೇದಗಳ ಕೋಶ ಕೆಲವೇ ಮೈಕ್ರೋಮೀಟರಿನಿಂದ 200 ಮೈಕ್ರೋಮೀಟರಿನವರೆಗೆ ಉದ್ದವಿರುತ್ತದೆ. ಭೂಮಿಯ ಮೇಲಿನ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದನೇ ಒಂದು ಪಾಲು ಡಯಾಟಂಗಳದು ಎಂಬ ಅಂದಾಜಿದೆ. ಅದರಲ್ಲಿ ಬಹುಪಾಲು ಕಡಲಿನದಾದರೂ ಕೆರೆ, ಹೊಳೆ, ತೊರೆಗಳ ಆಹಾರಸರಪಳಿಯ ಬುಡದಲ್ಲೂ ಇವು ಇರುತ್ತವೆ. ಹರಿಯುವ ನೀರಿನಲ್ಲಿ ಕಲ್ಲಿನ ಮೇಲೆ ಕಾಲಿಟ್ಟರೆ ಜಾರುವಂತೆ ಮಾಡುವ ಕಂದು ಲೋಳೆ ಬಹುಮಟ್ಟಿಗೆ ಡಯಾಟಂಗಳ ಕೆಲಸ. ಆದರೆ ಪೂರ್ತಿ ಅವುಗಳದೇ ಎನ್ನುವಂತಿಲ್ಲ. ಅದೇ ಲೋಳೆಯಲ್ಲಿ ಡಯಾಟಂಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಸಂಖ್ಯೆಯ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡಿರುತ್ತವೆ. ಗಾತ್ರದಲ್ಲಿ ಅರ್ಧದಿಂದ ಎರಡು ಮೈಕ್ರೋಮೀಟರ್ ಇರುವ ಇವನ್ನು ಡಯಾಟಂ ತಜ್ಞರು ಬಹುಕಾಲ ಕೊಳೆಯೆಂದೇ ಬಗೆದರು. ಈಗ ಲಭ್ಯವಿರುವ ಸಾಕ್ಷ್ಯ ಬೇರೆಯದೇ ಮಾತು ಹೇಳುತ್ತದೆ. ಸಿಹಿನೀರಿನ ಡಯಾಟಂ ಎಷ್ಟು ವೇಗವಾಗಿ ಬೆಳೆಯುತ್ತದೆ, ತನ್ನ ಸುತ್ತ ಎಂಥ ಲೋಳೆ ಕಟ್ಟಿಕೊಳ್ಳುತ್ತದೆ, ಎಲ್ಲಿ ನೆಲೆ ನಿಲ್ಲುತ್ತದೆ ಎಂಬುದರಲ್ಲಿ ಈ ಬ್ಯಾಕ್ಟೀರಿಯಾಗಳಿಗೆ ದೊಡ್ಡ ಪಾಲಿದೆ. ಹಾಗೆಂದು ಈ ಸಂಬಂಧವನ್ನು ಸ್ನೇಹವೆಂದೋ ಹಗೆಯೆಂದೋ ಒಂದೇ ಹೆಸರಿನಿಂದ ಕರೆದುಬಿಡಲು ಬರುವುದಿಲ್ಲ. ಬೆಳಕು, ರಂಜಕ, ಸಾರಜನಕಗಳ ಲಭ್ಯತೆಗೆ ತಕ್ಕಂತೆ ಲೆಕ್ಕ ಬದಲಾಗುತ್ತಲೇ ಇರುವ ಕೊಡುಕೊಳ್ಳುವಿಕೆ ಅದು.

ಡಯಾಟಂ ಕೋಶ ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆ, ಅಮೈನೋ ಆಮ್ಲ, ಸಾವಯವ ಆಮ್ಲಗಳನ್ನೆಲ್ಲ ತನ್ನೊಳಗೇ ಇಟ್ಟುಕೊಳ್ಳುವುದಿಲ್ಲ. ಒಂದು ಪಾಲು ಹೊರಗೆ ಸೋರುತ್ತದೆ. ಸೋರಿದ ಕೂಡಲೇ ಅದು ನೀರಿನಲ್ಲಿ ಕಲಸಿಹೋಗುವುದೂ ಇಲ್ಲ, ಏಕೆಂದರೆ ಕೋಶದಷ್ಟು ಸಣ್ಣ ವಸ್ತುವಿನ ಸುತ್ತ ನೀರು ಜೇನಿನಂತೆ ಮಂದವಾಗಿ ವರ್ತಿಸುತ್ತದೆ ಮತ್ತು ಅಲ್ಲಿ ವಸ್ತುಗಳು ನಿಧಾನವಾಗಿ ಹರಡಿಕೊಳ್ಳುವುದೊಂದೇ ದಾರಿ. ಹೀಗಾಗಿ ಪ್ರತಿ ಕೋಶದ ಸುತ್ತ ಸುತ್ತಲಿನ ನೀರಿಗಿಂತ ಹೆಚ್ಚು ಪೌಷ್ಟಿಕವಾದ ಒಂದು ತೆಳು ವಲಯ ಏರ್ಪಡುತ್ತದೆ. ವೇಯ್ನ್ ಬೆಲ್ ಮತ್ತು ರಾಲ್ಫ್ ಮಿಚೆಲ್ 1972ರಲ್ಲಿ ಇದಕ್ಕೆ ಫೈಕೋಸ್ಫಿಯರ್ ಎಂದು ಹೆಸರಿಟ್ಟರು. ಗಿಡದ ಬೇರಿನ ಸುತ್ತಲ ಮಣ್ಣಿನ ವಲಯ ಅವರ ಮುಂದಿದ್ದ ಮಾದರಿ. ಶೈವಲದಿಂದ ಸೋರಿದ ವಸ್ತುಗಳ ವಾಸನೆ ಹಿಡಿದು ಬ್ಯಾಕ್ಟೀರಿಯಾಗಳು ಅತ್ತ ಈಜುವುದನ್ನು ಅವರು ತೋರಿಸಿದರು. ಸಿಹಿನೀರಿನಲ್ಲಿ ಈ ಸೋರಿಕೆಯ ಪರಿಣಾಮ ಇಡೀ ತೊರೆಯ ಮಟ್ಟದಲ್ಲೂ ಕಾಣಿಸುತ್ತದೆ. ಪೆನ್ಸಿಲ್ವೇನಿಯಾದ ವೈಟ್ ಕ್ಲೇ ಕ್ರೀಕ್ ಎಂಬ ತೊರೆಯಲ್ಲಿ ಕರಗಿದ ಸಾವಯವ ಇಂಗಾಲದ ಪ್ರಮಾಣ ಹಗಲಿನಲ್ಲಿ ಏರಿ ರಾತ್ರಿ ಇಳಿಯುವುದನ್ನು ಕಪ್ಲಾನ್ ಮತ್ತು ಬಾಟ್ 1982ರಲ್ಲಿ ವರದಿ ಮಾಡಿದರು. ತೊರೆಯ ತಳದ ಶೈವಲಗಳು ಬಿಸಿಲಿನಲ್ಲಿ ಬಿಟ್ಟುಕೊಟ್ಟದ್ದೇ ಆ ಏರಿಕೆ. ತೇಲುವ ಡಯಾಟಂ ಸುತ್ತ ಈ ವಲಯ ಕ್ಷಣಿಕ. ನೀರು ಕದಡಿದರೆ ಚೆದುರುತ್ತದೆ. ಕಲ್ಲಿಗಂಟಿದ ಡಯಾಟಂ ಸುತ್ತ ಹಾಗಲ್ಲ. ಅಲ್ಲಿ ಕೋಶ ತಾನೇ ಸ್ರವಿಸಿದ ಪಾಲಿಸ್ಯಾಕರೈಡುಗಳ ಲೋಳೆ ಪೌಷ್ಟಿಕಾಂಶವನ್ನೂ ಬ್ಯಾಕ್ಟೀರಿಯಾವನ್ನೂ ಹಿಡಿದಿಡುತ್ತದೆ, ನೆರೆಹೊರೆ ದಿನಗಟ್ಟಲೆ ಒಂದೆಡೆ ಉಳಿಯುತ್ತದೆ. ಸಹವಾಸ ಗಟ್ಟಿಯಾಗುವುದು ಇಂಥಲ್ಲಿ. ಸಿಹಿನೀರಿನ ಸಂಶೋಧನೆ ತಳದ ಲೋಳೆಪೊರೆಯ ಮೇಲೆ ಹೆಚ್ಚು ಗಮನ ಇಟ್ಟಿರುವುದಕ್ಕೆ ಇದೇ ಕಾರಣ.

ಈ ಬಗೆಯ ಅಧ್ಯಯನಕ್ಕೆ ತಳಪಾಯ ಹಾಕಿದ್ದು ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳ ನಡುವಿನ ಕಾನ್‌ಸ್ಟನ್ಸ್ ಸರೋವರ. ಅದರ ದಡದಲ್ಲಿರುವ ಕಾನ್‌ಸ್ಟನ್ಸ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಕ್ರೋತ್ ಅವರ ತಂಡ ಸರೋವರದ ಕಲ್ಲುಗಳ ಮೇಲಿನ ಪೊರೆಯಿಂದ ಡಯಾಟಂಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿ ಬೆಳೆಸಿತು. ಬ್ಯಾಕ್ಟೀರಿಯಾಗಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿತು. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಅಂಥ 14 ಕೃಷಿಗಳಲ್ಲಿ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾ ಗುಂಪಿನದೇ ಮೇಲುಗೈ. ಅದರ ಹಿಂದೆ ಬೀಟಾ, ಗಾಮಾ ಪ್ರೋಟಿಯೋಬ್ಯಾಕ್ಟೀರಿಯಾಗಳು, ಬ್ಯಾಕ್ಟೀರಾಯ್ಡೀಟಿಸ್ ಮತ್ತು ವೆರುಕೋಮೈಕ್ರೋಬಿಯಾ. ಪಟ್ಟಿಗಿಂತ ಮುಖ್ಯವಾದದ್ದು ಅನಂತರದ ಪ್ರಯೋಗ. ಆ ಸರೋವರದ ಕಲ್ಲುಗಳ ಮೇಲೆ ಹೇರಳವಾಗಿರುವ ಸಿಂಬೆಲ್ಲ ಮೈಕ್ರೋಸೆಫಾಲ ಎಂಬ ಡಯಾಟಂನ ಬ್ಯಾಕ್ಟೀರಿಯಾರಹಿತ ಕೃಷಿಯನ್ನು ತೆಗೆದುಕೊಂಡು, ಅದರ ಜೊತೆಗೇ ಸಿಕ್ಕಿದ್ದ ಆರು ಬ್ಯಾಕ್ಟೀರಿಯಾ ತಳಿಗಳನ್ನು ಸೇರಿಸಿ ನೋಡಲಾಯಿತು. ಹೊರಗಿನಿಂದ ಯಾವ ಸಾವಯವ ಆಹಾರ ಕೊಡದಿದ್ದರೂ ಆರೂ ತಳಿಗಳು ಬೆಳೆದವು. ಡಯಾಟಂ ಕೊಟ್ಟದ್ದೇ ಅವಕ್ಕೆ ಸಾಕಾಯಿತು. ಒಟ್ಟಾರೆ ಡಯಾಟಂ ಕೂಡ ಒಂಟಿಯಾಗಿದ್ದಾಗಿನದಕ್ಕಿಂತ ಹೆಚ್ಚು ಬೆಳೆಯಿತು. ಪ್ರೋಟಿಯೋಬ್ಯಾಕ್ಟೀರಿಯಾಗಳಿದ್ದಲ್ಲಿ ಅದು ಸ್ರವಿಸುವ ಪಾಲಿಸ್ಯಾಕರೈಡು ಸಾಮಾನ್ಯವಾಗಿ ಹೆಚ್ಚಿತು. ಬ್ಯಾಕ್ಟೀರಿಯಾ ಬದಲಾದರೆ ಲೋಳೆಯಲ್ಲಿನ ಸಕ್ಕರೆಗಳ ಹದವೂ ಬದಲಾಯಿತು. ಬ್ಯಾಕ್ಟೀರಿಯಾ ಆಯ್ದು ತಿಂದದ್ದರಿಂದ ಈ ವ್ಯತ್ಯಾಸ ಬಂದದ್ದಲ್ಲ, ಡಯಾಟಂ ತನ್ನ ಸ್ರಾವವನ್ನೇ ಬದಲಿಸಿಕೊಂಡಿತು ಎಂಬುದು ಸಂಶೋಧಕರ ತೀರ್ಮಾನ. ಎಲ್ಲಕ್ಕಿಂತ ಗಮನಾರ್ಹ ಸಂಗತಿಯೆಂದರೆ, ಗಾಜಿನ ಪಾತ್ರೆಯ ತಳದಲ್ಲಿ ಪೊರೆ ಕಟ್ಟಿದ್ದು ಬ್ಯಾಕ್ಟೀರಿಯಾ ಇದ್ದಾಗ ಮಾತ್ರ. ಸರೋವರದ ಕಲ್ಲಿನ ಮೇಲೆ ಪೊರೆ ಕಟ್ಟುವುದನ್ನೇ ಬಾಳುವೆ ಮಾಡಿಕೊಂಡ ಜೀವಿ, ಸಂಗಾತಿಗಳನ್ನು ತೆಗೆದುಬಿಟ್ಟರೆ ಆ ಕೆಲಸವನ್ನೇ ಮಾಡದು.

ಅದೇ ತಂಡ ಮುಂದೆ ಅಕ್ನಾಂತಿಡಿಯಂ ಮಿನುಟಿಸಿಮಂ ಎಂಬ ಇನ್ನೊಂದು ಡಯಾಟಂನತ್ತ ತಿರುಗಿತು. ಲೋಕದ ಸಿಹಿನೀರಿನಲ್ಲಿ ಬಹಳ ಸಾಮಾನ್ಯವಾಗಿ ಸಿಗುವ ಪುಟ್ಟ ಪ್ರಭೇದ ಇದು. ಇದರ ಕೆಲವು ಕೋಶಗಳು ಸುತ್ತಲೂ ದಪ್ಪ ಲೋಳೆಯ ಸಂಪುಟವೊಂದನ್ನು ಕಟ್ಟಿಕೊಂಡು ನೆಲಕ್ಕಂಟುತ್ತವೆ. ಬ್ಯಾಕ್ಟೀರಿಯಾರಹಿತ ಕೃಷಿಯಲ್ಲಿ ಇಂಥ ಸಂಪುಟ ಕಾಣುವುದೇ ಅಪರೂಪ. ಬ್ಯಾಕ್ಟೀರಾಯ್ಡೀಟಿಸ್ ಗುಂಪಿನ ಒಂದು ತಳಿಯನ್ನು ಸೇರಿಸಿದಾಗ ಸಂಪುಟಗಳೂ ಪೊರೆಯೂ ಕಾಣಿಸಿಕೊಂಡವು. 2015ರ ವರದಿ ಇದು. ಜೀವಂತ ಬ್ಯಾಕ್ಟೀರಿಯಾ ಬದಲು ಅದು ಬೆಳೆದ ದ್ರವವನ್ನು ಸೋಸಿ ಹಾಕಿದರೂ ಪರಿಣಾಮ ಕಂಡುಬಂದದ್ದರಿಂದ, ಮೈಗೆ ಮೈ ತಾಗಬೇಕಾದ ಅಗತ್ಯವಿಲ್ಲ, ನೀರಿನಲ್ಲಿ ಕರಗುವ ಯಾವುದೋ ವಸ್ತು ಸಂದೇಶ ಒಯ್ಯುತ್ತದೆ ಎಂದು ತಿಳಿಯಿತು. ಸಂಪುಟ ಕಟ್ಟಿದ ಮೇಲೆ ಅದರ ನಾರಿನಂಥ ಹೊರಮೈ ಮತ್ತಷ್ಟು ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳುವ ತಾಣವಾಗುತ್ತದೆ. ಹಾಗಾಗಿ ಇಲ್ಲಿ ಬ್ಯಾಕ್ಟೀರಿಯಾ ತನ್ನ ಮನೆಯನ್ನು ಡಯಾಟಂ ಕೈಯಲ್ಲಿ ಕಟ್ಟಿಸಿಕೊಳ್ಳುತ್ತಿದೆಯೇ, ಡಯಾಟಂ ತನಗೆ ಅನುಕೂಲವಾದ ನೆಲೆಯನ್ನು ಬ್ಯಾಕ್ಟೀರಿಯಾದ ಸುಳಿವಿನಿಂದ ಗುರುತಿಸುತ್ತಿದೆಯೇ ಎಂದು ಕೇಳಬಹುದು. ಎರಡೂ ವಿವರಣೆಗಳು ಈ ಪ್ರಯೋಗಕ್ಕೆ ಹೊಂದುತ್ತವೆ. ಒಂದು ಮಾತು ಮಾತ್ರ ನಿಶ್ಚಿತ: ಒಂದು ಪ್ರಭೇದದ ರೂಪ ಎಂದು ನಾವು ಪುಸ್ತಕದಲ್ಲಿ ಬರೆಯುವ ಲಕ್ಷಣಗಳಲ್ಲಿ ಕೆಲವು ಇಬ್ಬರು ಸೇರಿ ಮಾಡಿದವು.

ಬ್ಯಾಕ್ಟೀರಿಯಾಗಳಿಗೆ ಇಷ್ಟು ಮಹತ್ವ ಕೊಡುವುದಕ್ಕೆ ಏಳುವ ಮೊದಲನೆಯ ಆಕ್ಷೇಪ ಸರಳವಾದದ್ದು. ಬ್ಯಾಕ್ಟೀರಿಯಾರಹಿತ ಕೃಷಿಯಲ್ಲಿ ಎಷ್ಟೋ ಡಯಾಟಂಗಳು ವರ್ಷಗಟ್ಟಲೆ ಬದುಕುತ್ತವಲ್ಲ, ಹಾಗಿದ್ದರೆ ಬ್ಯಾಕ್ಟೀರಿಯಾ ಅನಿವಾರ್ಯ ಎನ್ನುವುದು ಹೇಗೆ? ಆಕ್ಷೇಪದಲ್ಲಿ ಹುರುಳಿದೆ; ಬದುಕುತ್ತವೆ ಎಂಬುದು ನಿಜ. ಆದರೆ ಆ ಕೃಷಿಯ ದ್ರವದಲ್ಲಿ ಏನೇನಿರುತ್ತದೆ ಎಂದು ನೋಡಬೇಕು. ಶೈವಲ ಬೆಳೆಸುವ ಹೆಚ್ಚಿನ ದ್ರವಗಳಿಗೆ ವಿಟಮಿನ್ ಬಿ12, ಥಯಮಿನ್, ಬಯೋಟಿನ್ ಬೆರೆಸುವುದು ಪ್ರಯೋಗಾಲಯದ ರೂಢಿ. ಬಿ12 ಅನ್ನು ತಯಾರಿಸಬಲ್ಲವು ಬ್ಯಾಕ್ಟೀರಿಯಾ ಮತ್ತು ಆರ್ಕಿಯಾಗಳು ಮಾತ್ರ. ಯಾವ ಶೈವಲಕ್ಕೂ ಅದು ಬಾರದ ವಿದ್ಯೆ. 2005ರಲ್ಲಿ ಕ್ರಾಫ್ಟ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 326 ಶೈವಲ ಪ್ರಭೇದಗಳ ಪೈಕಿ 171ಕ್ಕೆ ಹೊರಗಿನಿಂದ ಬಿ12 ಬೇಕೆಂದು ಕಂಡುಬಂತು. ಬೇಕು ಬೇಡ ಎಂಬುದು ಬಹುಮಟ್ಟಿಗೆ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ತಯಾರಿಸುವ ಕಿಣ್ವದ ಮೇಲೆ ನಿಂತಿದೆ. ಬಿ12 ಇಲ್ಲದೆಯೂ ಕೆಲಸ ಮಾಡುವ ಕಿಣ್ವ ಉಳ್ಳ ಪ್ರಭೇದ ಸ್ವತಂತ್ರ, ಅದನ್ನು ಕಳೆದುಕೊಂಡದ್ದು ಪರಾವಲಂಬಿ. ಎಂದರೆ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾದ ಕೆಲಸವನ್ನು ಸಂಶೋಧಕರು ಸೀಸೆಯಿಂದ ಸುರಿದು ಪೂರೈಸುತ್ತಿದ್ದಾರೆ. ಇದರ ಮೇಲೂ ಒಂದು ಮರುಪ್ರಶ್ನೆ ಬಂತು: ಬ್ಯಾಕ್ಟೀರಿಯಾ ತನಗಾಗಿ ಮಾಡಿಕೊಂಡ ವಿಟಮಿನ್ನನ್ನು ಹೊರಗೇಕೆ ಬಿಡಬೇಕು, ಶೈವಲಕ್ಕೆ ಸಿಗುವುದು ಸತ್ತ ಕೋಶಗಳ ಸೋರಿಕೆಯಷ್ಟೇ ಇರಬಹುದಲ್ಲ? ಸಿಹಿನೀರಿನ ಹಸಿರು ಶೈವಲ ಲೋಬೋಮೋನಾಸ್ ರೋಸ್ಟ್ರಾಟ ಮತ್ತು ಮೀಸೋರೈಜೋಬಿಯಂ ಬ್ಯಾಕ್ಟೀರಿಯಾಗಳನ್ನು ಜೊತೆಗೆ ಬೆಳೆಸಿ 2012ರಲ್ಲಿ ಮಾಡಿದ ಪ್ರಯೋಗ ಇದಕ್ಕೆ ಒಂದು ಉತ್ತರ. ಅಲ್ಲಿ ಶೈವಲದ ಇಂಗಾಲವೂ ಬ್ಯಾಕ್ಟೀರಿಯಾದ ಬಿ12 ಕೂಡ ಪರಸ್ಪರ ಕೈ ಬದಲಾಯಿಸಿ, ಎರಡರ ಸಂಖ್ಯೆಯೂ ಒಂದು ಸ್ಥಿರ ಪ್ರಮಾಣಕ್ಕೆ ಬಂದು ನಿಂತಿತು. ಅದು ಡಯಾಟಂ ಅಲ್ಲವೆಂಬುದನ್ನು ಮರೆಯಬಾರದು. ಆದರೂ ಸಿಹಿನೀರಿನಲ್ಲಿ ಇಂಥ ವ್ಯಾಪಾರ ಸ್ಥಿರವಾಗಿ ನಡೆಯಬಲ್ಲದು ಎಂಬುದಕ್ಕೆ ಅಷ್ಟು ಸಾಕು. ಇನ್ನೊಂದು ಸಂಗತಿಯನ್ನೂ ಸೇರಿಸಬೇಕು. ಬ್ಯಾಕ್ಟೀರಿಯಾರಹಿತವಾಗಿ ಬದುಕುವ ಡಯಾಟಂಗಳ ಪಟ್ಟಿ ಮಾಡುವಾಗ ಆ ಶುದ್ಧೀಕರಣದಲ್ಲಿ ಸತ್ತವು ಲೆಕ್ಕಕ್ಕೆ ಬರುವುದಿಲ್ಲ. ತಳದ ಡಯಾಟಂಗಳನ್ನು ಆಂಟಿಬಯಾಟಿಕ್ಕುಗಳಿಂದ ಶುದ್ಧ ಮಾಡುವುದು ಎಷ್ಟು ಕಷ್ಟವೆಂದರೆ, ಅದರ ವಿಧಾನಗಳ ಮೇಲೆಯೇ ಪ್ರತ್ಯೇಕ ಪ್ರಬಂಧಗಳು ಬಂದಿವೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ಸಿಹಿನೀರಿನಲ್ಲಿ ಬೆಳವಣಿಗೆಗೆ ಮಿತಿ ಹಾಕುವುದು ಹೆಚ್ಚಾಗಿ ರಂಜಕ. ಬ್ಯಾಕ್ಟೀರಿಯಾ ಚಿಕ್ಕದು, ಅದರ ಗಾತ್ರಕ್ಕೆ ಹೋಲಿಸಿದರೆ ಮೈಹರವು ದೊಡ್ಡದು. ಆದ್ದರಿಂದ ನೀರಿನಲ್ಲಿ ಚೂರುಪಾರು ಇರುವ ರಂಜಕವನ್ನು ಅದು ಶೈವಲಕ್ಕಿಂತ ಚುರುಕಾಗಿ ಹೀರಿಕೊಳ್ಳುತ್ತದೆ. ಕರೀ ಮತ್ತು ಕಾಲ್ಫ್ 1984ರಲ್ಲಿ ಸಿಹಿನೀರಿನ ಶೈವಲ ಮತ್ತು ಬ್ಯಾಕ್ಟೀರಿಯಾಗಳನ್ನು ಮುಖಾಮುಖಿ ಇಟ್ಟು ತೋರಿಸಿದ್ದು ಇದನ್ನೇ. ಹಾಗಾದರೆ ಬ್ಯಾಕ್ಟೀರಿಯಾವನ್ನು ಸಂಗಾತಿ ಎನ್ನುವುದಕ್ಕಿಂತ ಪೈಪೋಟಿಗಾರ ಎನ್ನುವುದು ಸರಿಯಲ್ಲವೆ? ಇಲ್ಲಿರುವ ವಿಚಿತ್ರವನ್ನು ಮರುವರ್ಷವೇ, 1985ರಲ್ಲಿ, ನಾರ್ವೆಯ ಬ್ರಾಟ್ಬಾಕ್ ಮತ್ತು ಥಿಂಗ್‌ಸ್ಟಾಡ್ ಎತ್ತಿ ತೋರಿಸಿದರು. ರಂಜಕ ಸಾಲದಾದಾಗ ಶೈವಲ ಹೆಚ್ಚು ಇಂಗಾಲವನ್ನು ಹೊರಚೆಲ್ಲುತ್ತದೆ, ಆ ಇಂಗಾಲ ತಿಂದು ಬ್ಯಾಕ್ಟೀರಿಯಾ ಬಲಿಯುತ್ತದೆ, ಬಲಿತ ಬ್ಯಾಕ್ಟೀರಿಯಾ ಇನ್ನಷ್ಟು ರಂಜಕ ಕಸಿಯುತ್ತದೆ. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಳ್ಳುವಂಥ ಈ ವರ್ತನೆ ಇಷ್ಟು ಕಾಲ ಉಳಿದು ಬಂದದ್ದೇಕೆ? ಬೆಳಕು ಹೇರಳವಾಗಿದ್ದು ರಂಜಕ ಇಲ್ಲದಿದ್ದಾಗ ಹೆಚ್ಚುವರಿ ಇಂಗಾಲವನ್ನು ಒಳಗಿಟ್ಟುಕೊಳ್ಳುವುದೇ ಕೋಶಕ್ಕೆ ಭಾರ ಎಂಬುದು ಒಂದು ವಿವರಣೆ. ಬ್ಯಾಕ್ಟೀರಿಯಾ ಹೀರಿದ ರಂಜಕ ಕಾಯಂ ಆಗಿ ಅದರ ವಶದಲ್ಲಿ ಉಳಿಯುವುದಿಲ್ಲ ಎಂಬುದು ಇನ್ನೊಂದು. ಬ್ಯಾಕ್ಟೀರಿಯಾವನ್ನು ಮೇಯುವ ಏಕಕೋಶ ಪ್ರಾಣಿಗಳು ಅದನ್ನು ಮತ್ತೆ ನೀರಿಗೆ ಬಿಡುತ್ತವೆ. ಲೋಳೆಪೊರೆಯ ಒಳಗೆ ಹೀಗೆ ಬಿಟ್ಟದ್ದು ದೂರ ಹೋಗದೆ ಅಲ್ಲೇ ಪಕ್ಕದ ಡಯಾಟಂಗೆ ಸಿಗುತ್ತದೆ. ಆದ್ದರಿಂದ ಪೈಪೋಟಿ ಸುಳ್ಳಲ್ಲ, ಆದರೆ ಅದೇ ಕೊನೆಯ ಲೆಕ್ಕವೂ ಅಲ್ಲ. ತೆರೆದ ನೀರಿನಲ್ಲಿ ನಷ್ಟವಾಗಿ ಕಾಣುವ ಸಂಬಂಧ ಕಲ್ಲಿನ ಮೇಲೆ ಲಾಭವಾಗಬಹುದು.

ಕಡಲಿನ ಡಯಾಟಂಗಳ ಮೇಲೆ ಕೆಲಸ ಹೆಚ್ಚು ನಡೆದಿದೆ, ಮತ್ತು ಸಿಹಿನೀರಿನ ಬಗ್ಗೆ ಬರೆಯುವವರು ಅಲ್ಲಿಂದ ಧಾರಾಳವಾಗಿ ಸಾಲ ತರುತ್ತಾರೆ. ಅದರಲ್ಲಿ ಪ್ರಸಿದ್ಧವಾದದ್ದು 2015ರ ಅಧ್ಯಯನ: ಸ್ಯೂಡೋ ನಿಟ್ಸ್ಕಿಯ ಎಂಬ ಡಯಾಟಂ ಕೊಡುವ ಟ್ರಿಪ್ಟೋಫ್ಯಾನ್ ಬಳಸಿಕೊಂಡು ಸಲ್ಫಿಟೋಬ್ಯಾಕ್ಟರ್ ಬ್ಯಾಕ್ಟೀರಿಯಾ ಇಂಡೋಲ್ ಅಸಿಟಿಕ್ ಆಮ್ಲ ತಯಾರಿಸುತ್ತದೆ. ಗಿಡಗಳಲ್ಲಿ ಬೆಳವಣಿಗೆಯ ಹಾರ್ಮೋನು ಎನಿಸಿದ ಇದೇ ವಸ್ತು ಡಯಾಟಂನ ಕೋಶವಿಭಜನೆಯನ್ನೂ ಚುರುಕುಗೊಳಿಸುತ್ತದೆ. 2020ರಲ್ಲಿ ಇನ್ನೊಂದು ಕಡಲ ಡಯಾಟಂ ಎರಡು ವಿಶೇಷ ಆಮ್ಲಗಳನ್ನು ಸ್ರವಿಸಿ ತನಗೆ ಬೇಕಾದ ಬ್ಯಾಕ್ಟೀರಿಯಾಗಳನ್ನು ಪೋಷಿಸಿ ಬೇಡವಾದವನ್ನು ತಡೆಯುವುದು ಕಂಡುಬಂತು. ಇವೆಲ್ಲ ಸಿಹಿನೀರಿಗೂ ಅನ್ವಯಿಸುತ್ತವೆಯೇ? ಯಥಾವತ್ತಾಗಿ ಅಲ್ಲ. ಕಡಲ ಡಯಾಟಂಗಳ ಸುತ್ತ ರೋಸಿಯೋಬ್ಯಾಕ್ಟರ್ ಬಳಗ ಪ್ರಬಲ. ಸಿಹಿನೀರಿನಲ್ಲಿ ಆ ಜಾಗದಲ್ಲಿ ಸ್ಫಿಂಗೋಮೋನಾಡುಗಳಂಥ ಬೇರೆ ಆಲ್ಫಾಪ್ರೋಟಿಯೋಬ್ಯಾಕ್ಟೀರಿಯಾಗಳೂ ಬೀಟಾ ಗುಂಪಿನವೂ ಇರುತ್ತವೆ. ತೆರೆದ ಕಡಲಿನ ದೊಡ್ಡ ಭಾಗಗಳಲ್ಲಿ ಕಬ್ಬಿಣ ದುರ್ಲಭ; ನದಿಗಳಲ್ಲಿ ಅದರ ಕೊರತೆ ಅಷ್ಟಿಲ್ಲ, ಆದ್ದರಿಂದ ಕಬ್ಬಿಣ ಹಿಡಿದುಕೊಡುವ ಬ್ಯಾಕ್ಟೀರಿಯಾದ ಬೆಲೆಯೂ ಅಷ್ಟಿರಲಾರದು. ಹೆಸರುಗಳನ್ನು ಕಡಲಿನಿಂದ ತರಬಾರದು, ಪ್ರಶ್ನೆಗಳನ್ನು ತರಬಹುದು. ಸಿಹಿನೀರಿನದೇ ಆದ ದೃಷ್ಟಾಂತಗಳು ಹಲವಿವೆ, ಅವುಗಳಲ್ಲಿ ಒಂದಂತೂ ಕಡಲಿನ ಯಾವ ಉದಾಹರಣೆಗೂ ಕಡಿಮೆಯದಲ್ಲ.

ಅದು ಎಪಿಥೀಮಿಯ ಮತ್ತು ಅದರ ನಂಟ ರೋಪಲೋಡಿಯ. ಕೆರೆತೊರೆಗಳಲ್ಲಿ ನೀರುಗಿಡ, ಪಾಚಿಗಳ ಮೇಲೆ ಕೂತು ಬದುಕುವ ಈ ಡಯಾಟಂಗಳ ಕೋಶದೊಳಗೆ ಗುಂಡನೆಯ ಬಣ್ಣವಿಲ್ಲದ ಕಾಯಗಳಿರುವುದನ್ನು ಸೂಕ್ಷ್ಮದರ್ಶಕಕಾರರು ಬಹಳ ಹಿಂದೆಯೇ ಗುರುತಿಸಿದ್ದರು. ಆಸ್ಟ್ರಿಯಾದ ಶೈವಲತಜ್ಞ ಲೋಥರ್ ಗೈಟ್ಲರ್ 1977ರಲ್ಲಿ ಅವುಗಳ ಬಗ್ಗೆ ಬರೆದರು. ಅವು ಸಯನೋಬ್ಯಾಕ್ಟೀರಿಯಾದ ವಂಶಜರು, ಕೋಶದೊಳಗೆ ಕಾಯಂ ನೆಲಸಿದವು, ಗಾಳಿಯ ಸಾರಜನಕವನ್ನು ಹಿಡಿದು ಡಯಾಟಂಗೆ ಕೊಡುತ್ತವೆ ಎಂಬುದು 2004ರಿಂದ ಈಚೆಗೆ ಖಚಿತವಾಯಿತು. 2014ರಲ್ಲಿ ಎಪಿಥೀಮಿಯ ಟರ್ಜಿಡದ ಕಾಯಗಳ ಪೂರ್ಣ ಜೀನೋಮ್ ಪ್ರಕಟವಾದಾಗ ಅದರ ಅಳತೆ ಸುಮಾರು 28 ಲಕ್ಷ ಬೇಸ್‌ಜೋಡಿ. ಸ್ವತಂತ್ರವಾಗಿ ಬದುಕುವ ಹತ್ತಿರದ ಸಂಬಂಧಿಯ ಜೀನೋಮಿನ ಅರ್ಧದಷ್ಟು. ದ್ಯುತಿಸಂಶ್ಲೇಷಣೆಗೆ ಬೇಕಾದ ಜೀನ್‌ಗಳು ಹೋಗಿಬಿಟ್ಟಿದ್ದವು, ಸಾರಜನಕ ಸ್ಥಿರೀಕರಣದವು ಉಳಿದಿದ್ದವು. ಬಿಸಿಲು ತಿಂದು ಬದುಕುವ ಕಸುಬನ್ನೇ ಕೈಬಿಟ್ಟ ಸಯನೋಬ್ಯಾಕ್ಟೀರಿಯಾ ಎನ್ನುವುದು ಜೀವಲೋಕದಲ್ಲಿ ತೀರ ಅಪರೂಪ. ಇದರಲ್ಲಿ ಒಂದು ತೊಡಕು ಇದೆ. ಸಾರಜನಕ ಹಿಡಿಯುವ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕ ವಿಷವಿದ್ದಂತೆ. ಡಯಾಟಂ ಆದರೋ ಹಗಲಿಡೀ ಆಮ್ಲಜನಕ ಉತ್ಪಾದಿಸುತ್ತದೆ. ಸ್ವತಂತ್ರ ಸಂಬಂಧಿ ಈ ತೊಡಕನ್ನು ಹಗಲು ದ್ಯುತಿಸಂಶ್ಲೇಷಣೆ, ರಾತ್ರಿ ಸಾರಜನಕ ಎಂದು ಪಾಳಿ ಹಂಚಿಕೊಂಡು ನಿವಾರಿಸಿಕೊಳ್ಳುತ್ತದೆ. ಆದರೆ ಎಪಿಥೀಮಿಯ ಕ್ಲೆಮೆಂಟಿನ ಎಂಬ ಪ್ರಭೇದದ ಮೇಲೆ 2024ರಲ್ಲಿ ಬಂದ ಅಧ್ಯಯನದಲ್ಲಿ ಒಳಗಿನ ಕಾಯ ಹಗಲೂ ರಾತ್ರಿಯೂ ಕೆಲಸ ಮಾಡುವುದು ಕಂಡಿತು. ಡಯಾಟಂನ ದ್ಯುತಿಸಂಶ್ಲೇಷಣೆಯನ್ನು ತಡೆದರೆ ಹಗಲಿನ ಸಾರಜನಕ ಸ್ಥಿರೀಕರಣ ನಿಂತೇಹೋಯಿತು. ಡಯಾಟಂ ಕೊಡುವ ಸಕ್ಕರೆಯನ್ನು ಉರಿಸಿ ಶಕ್ತಿ ಪಡೆಯುವಾಗ ಒಳಬರುವ ಆಮ್ಲಜನಕವೂ ಖರ್ಚಾಗುತ್ತದೆ ಎಂಬುದು ಸಂಶೋಧಕರು ಮುಂದಿಡುವ ವಿವರಣೆ.

ಈ ಒಳಸಂಬಂಧದ ಫಲ ಹೊಳೆಯ ದಡದಲ್ಲಿ ನಿಂತವರಿಗೂ ಕಾಣುತ್ತದೆ. ಉತ್ತರ ಕ್ಯಾಲಿಫೋರ್ನಿಯಾದ ಈಲ್ ನದಿಯಲ್ಲಿ ಪರಿಸರವಿಜ್ಞಾನಿ ಮೇರಿ ಪವರ್ ಮತ್ತು ಸಂಗಡಿಗರು ದಶಕಗಳಿಂದ ಗಮನಿಸುತ್ತ ಬಂದಿರುವ ಕ್ಲಾಡೋಫೊರ ಎಂಬ ದಾರದಂಥ ಪಾಚಿ ಬೇಸಿಗೆಯ ಆರಂಭದಲ್ಲಿ ಹಸಿರಾಗಿರುತ್ತದೆ, ಡಯಾಟಂಗಳು ಕೂರುತ್ತ ಹಳದಿಗೆ ತಿರುಗುತ್ತದೆ, ಕೊನೆಗೆ ತುಕ್ಕಿನ ಕೆಂಪಾಗುತ್ತದೆ. ಆ ತುಕ್ಕಿನ ಬಣ್ಣ ಎಪಿಥೀಮಿಯ ದಟ್ಟವಾಗಿ ಮೆತ್ತಿಕೊಂಡದ್ದು. ಸಾರಜನಕ ಬಡವಾದ ಆ ನದಿಯಲ್ಲಿ, ಹೊರಗಿನ ಸಾರಜನಕಕ್ಕೆ ಕಾಯದ ಡಯಾಟಂ ಗೆಲ್ಲುವುದು ಸಹಜ. ಅದನ್ನು ಮೇಯ್ದ ಕೀಟದ ಮರಿಗಳು ಸೊಳ್ಳೆಯಂಥ ರೆಕ್ಕೆಹುಳುಗಳಾಗಿ ಹಾರಿದಾಗ ಆ ಸಾರಜನಕ ನದಿಯಿಂದಾಚೆಗೂ ಹೋಗುತ್ತದೆ. ಕೋಶದೊಳಗಿನ ಬ್ಯಾಕ್ಟೀರಿಯಾ ಮೂಲದ ಒಂದು ಕಾಯ ಇಡೀ ನದಿಯ ಆಹಾರಜಾಲದ ಬಣ್ಣ ಬದಲಿಸಿದೆ ಎನ್ನಬಹುದು. ಇದು ಅಪವಾದ, ಇದರ ಮೇಲೆ ಸಾಮಾನ್ಯ ಸಿದ್ಧಾಂತ ಕಟ್ಟಬಾರದು ಎಂದು ಹೇಳುವವರಿದ್ದಾರೆ. ನಿಜ, ಒಳಗೇ ನೆಲಸುವುದು ಅಪವಾದ. ಆದರೆ ಹೊರಗಿನ ಲೋಳೆಯಲ್ಲಿ ನಡೆಯುವ ಕೊಡುಕೊಳ್ಳುವಿಕೆ ಕಾಲಾಂತರದಲ್ಲಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಪವಾದವೇ ಒಳ್ಳೆಯ ಸಾಕ್ಷಿ.

ಉತ್ತರ ಅಮೆರಿಕದ ಈರಿ ಸರೋವರದ ಪ್ರಸಂಗ ಬೇರೆ ಬಗೆಯದು. ಅಲ್ಲಿ ಚಳಿಗಾಲದಲ್ಲಿ ಹಿಮದ ಪದರದ ಕೆಳಗೆ ಆಲಕೊಸೀರ ಐಲ್ಯಾಂಡಿಕ ಎಂಬ ಎಳೆಎಳೆಯಾದ ಡಯಾಟಂ ಅಪಾರವಾಗಿ ಬೆಳೆಯುತ್ತಿತ್ತು. ಇದರ ಸಿಲಿಕಾ ಕವಚ ಭಾರ. ನೀರು ಕದಡದಿದ್ದರೆ ಮುಳುಗಿ ಬೆಳಕಿನಿಂದ ದೂರವಾಗುತ್ತದೆ, ಹಿಮ ಮುಚ್ಚಿದ ಸರೋವರದಲ್ಲಿ ಗಾಳಿಯ ಕದಡುವಿಕೆ ಇರುವುದಿಲ್ಲ. ಈ ಎಳೆಗಳ ಜೊತೆಗಿರುವ ಬ್ಯಾಕ್ಟೀರಿಯಾಗಳು ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ ನೀರನ್ನು ಹೆಪ್ಪುಗಟ್ಟಿಸಬಲ್ಲವು ಎಂದು 2013ರಲ್ಲಿ ವರದಿಯಾಯಿತು. ಎಳೆಯ ಮೇಲೆಯೇ ಹಿಮದ ಹರಳು ಕಟ್ಟಿದರೆ ಡಯಾಟಂ ಮೇಲಕ್ಕೆ ತೇಲಿ, ಹಿಮಕ್ಕೆ ಅಂಟಿಕೊಂಡು, ಬೆಳಕಿನ ವಲಯದಲ್ಲಿ ಉಳಿಯುತ್ತದೆ ಎಂಬುದು ಸಂಶೋಧಕರ ಊಹೆ. ಊಹೆ ಆಕರ್ಷಕವಾಗಿದೆ, ಆದರೆ ಪ್ರಯೋಗಾಲಯದ ಹೆಪ್ಪುಗಟ್ಟುವಿಕೆಯಿಂದ ಸರೋವರದ ಬದುಕಿಗೆ ಜಿಗಿಯುವಾಗ ಎಚ್ಚರ ಬೇಕು. ಲಾಭವಾಗುತ್ತದೆ ಎನ್ನುವುದಕ್ಕೂ ಲಾಭಕ್ಕಾಗಿಯೇ ಈ ಸಹವಾಸ ವಿಕಾಸವಾಯಿತು ಎನ್ನುವುದಕ್ಕೂ ನಡುವೆ ಅಂತರವಿದೆ.

ಸಹವಾಸ ಎಂದಾಕ್ಷಣ ಒಳಿತನ್ನೇ ಹುಡುಕಬೇಕಾಗಿಲ್ಲ. ದಕ್ಷಿಣ ಕೊರಿಯಾದ ನಕ್ಡಾಂಗ್ ನದಿಯಲ್ಲಿ ಚಳಿಗಾಲದಲ್ಲಿ ಸ್ಟೆಫನೋಡಿಸ್ಕಸ್ ಹ್ಯಾಂಟ್ಸ್ಕಿ ಎಂಬ ಡಯಾಟಂ ಉಕ್ಕುತ್ತದೆ, ಕುಡಿಯುವ ನೀರಿನ ಸೋಸುಗಗಳಿಗೆ ತೊಂದರೆ ಕೊಡುತ್ತದೆ. ಅಲ್ಲಿನ ವಿಜ್ಞಾನಿಗಳು ಅದನ್ನು ಕೊಲ್ಲುವ ಸ್ಯೂಡೋಮೋನಾಸ್ ತಳಿಗಳನ್ನು ಬೇರ್ಪಡಿಸಿ ನಿಯಂತ್ರಣಕ್ಕೆ ಬಳಸಬಹುದೇ ಎಂದು ಪರೀಕ್ಷಿಸಿದ್ದಾರೆ. ಬ್ಯಾಕ್ಟೀರಿಯಾದ ಪಾತ್ರವೇ ವಿವಾದವಾದ ಉದಾಹರಣೆ ಡಿಡಿಮೋಸ್ಫೀನಿಯ ಜೆಮಿನಾಟ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನದಿಯಲ್ಲಿ 2004ರಲ್ಲಿ ಪತ್ತೆಯಾದ ಮೇಲೆ ಕುಖ್ಯಾತವಾದ ಈ ಡಯಾಟಂ ನದಿತಳದ ಮೇಲೆ ಒದ್ದೆ ಉಣ್ಣೆಯಂಥ ದಪ್ಪ ಹಾಸು ಹಾಸುತ್ತದೆ. ಹಾಸಿನ ಬಹುಭಾಗ ಕೋಶಗಳಲ್ಲ, ಅವು ಸ್ರವಿಸಿದ ತೊಟ್ಟುಗಳು. ಸೋಜಿಗವೆಂದರೆ ರಂಜಕ ಅತಿ ಕಡಿಮೆ ಇರುವ ಸ್ವಚ್ಛ ನೀರಿನಲ್ಲೇ ಇದರ ಹಾವಳಿ. ಅಮೆರಿಕದ ದಕ್ಷಿಣ ಡಕೋಟದಲ್ಲಿ ಕೆಲಸ ಮಾಡಿದ ತಂಡವೊಂದು 2011ರಲ್ಲಿ, ಹಾಸಿನ ಮೇಲ್ಮೈಗೆ ಕಬ್ಬಿಣದೊಂದಿಗೆ ಅಂಟಿದ ರಂಜಕವನ್ನು ಆಮ್ಲಜನಕವಿಲ್ಲದ ಒಳಪದರದ ಬ್ಯಾಕ್ಟೀರಿಯಾಗಳು ಬಿಡಿಸಿಕೊಡುತ್ತವೆ ಎಂದು ವಾದಿಸಿತು. ಅದೇ ವರ್ಷ ನ್ಯೂಜಿಲೆಂಡಿನ ನದಿಗಳಲ್ಲಿ ಕೆಲಸ ಮಾಡಿದ ಬೋತ್ವೆಲ್ ಮತ್ತು ಕಿಲ್ರಾಯ್, ರಂಜಕದ ಕೊರತೆಯೇ ಕೋಶವಿಭಜನೆಯನ್ನು ತಗ್ಗಿಸಿ ತೊಟ್ಟಿನ ಉದ್ದ ಹೆಚ್ಚಿಸುತ್ತದೆ ಎಂದು ತೋರಿಸಿದರು. ಎರಡನೆಯ ವಿವರಣೆ ಹೆಚ್ಚು ಸರಳ, ಹೆಚ್ಚು ಪರೀಕ್ಷೆಗೂ ಒಳಗಾಗಿದೆ. ಹಾಸು ಹುಟ್ಟಲು ಬ್ಯಾಕ್ಟೀರಿಯಾ ಬೇಕೇ ಬೇಕೆಂದು ಹೇಳುವ ಅಗತ್ಯ ಇಲ್ಲಿಲ್ಲ. ಹುಟ್ಟಿದ ಹಾಸು ಉಳಿಯುವುದರಲ್ಲಿ ಅವುಗಳ ಪಾತ್ರ ಇರಬಹುದು. ಬ್ಯಾಕ್ಟೀರಿಯಾದ ಮಹತ್ವ ಒಪ್ಪಿದವರು ಎಲ್ಲದಕ್ಕೂ ಅದನ್ನೇ ಕಾರಣ ಮಾಡಬಾರದು ಎಂಬುದಕ್ಕೆ ಇದನ್ನು ಇಲ್ಲಿ ಹೇಳಬೇಕಾಯಿತು.

ಉಳಿದ ಆಕ್ಷೇಪ ಒಂದು. ಒಂದೇ ಪ್ರಭೇದದ ಡಯಾಟಂ ಮೇಲೆ ಬೇರೆ ಬೇರೆ ಕಡೆ ಬೇರೆ ಬೇರೆ ಬ್ಯಾಕ್ಟೀರಿಯಾ ಸಿಗುತ್ತವೆ. ಹಾಗಾದರೆ ಇದು ಅಲ್ಲಿ ಸಿಕ್ಕಿದವರ ಜೊತೆಗಿನ ಆಕಸ್ಮಿಕ ನೆರೆಯಷ್ಟೇ ಅಲ್ಲವೆ? ಪ್ರಭೇದದ ಹೆಸರಿನ ಮಟ್ಟದಲ್ಲಿ ಈ ಮಾತನ್ನು ಒಪ್ಪಬೇಕು. ಆದರೆ ಗುಂಪಿನ ಮಟ್ಟದಲ್ಲಿ ನೋಡಿದರೆ ಚಿತ್ರ ಅಷ್ಟು ಚೆದುರಿಲ್ಲ. ನೀರಿನಲ್ಲಿ ಸ್ವತಂತ್ರವಾಗಿ ತೇಲುವ ಬ್ಯಾಕ್ಟೀರಿಯಾಗಳ ಸಮುದಾಯ ಬೇರೆ, ಡಯಾಟಂಗೆ ಅಂಟಿದ ಸಮುದಾಯ ಬೇರೆ. ಅಂಟಿದವುಗಳಲ್ಲಿ ಪಾಲಿಸ್ಯಾಕರೈಡು ಒಡೆಯಬಲ್ಲ ಬ್ಯಾಕ್ಟೀರಾಯ್ಡೀಟಿಸ್, ಚಿಕ್ಕ ಸಾವಯವ ಅಣುಗಳನ್ನು ಬೇಗ ಹೀರುವ ಪ್ರೋಟಿಯೋಬ್ಯಾಕ್ಟೀರಿಯಾ ಮತ್ತೆ ಮತ್ತೆ ಸಿಗುತ್ತವೆ. ಡಯಾಟಂ ಆಯ್ದುಕೊಳ್ಳುವುದು ಕೆಲಸವನ್ನು, ಆಳನ್ನಲ್ಲ.

ಇಷ್ಟೆಲ್ಲ ಇದ್ದೂ ಈ ಸಹವಾಸ ತಡವಾಗಿ ಬೆಳಕಿಗೆ ಬಂದದ್ದಕ್ಕೆ ವಿಧಾನವೇ ಮುಖ್ಯ ಕಾರಣ. ಡಯಾಟಂ ಪ್ರಭೇದವನ್ನು ಗುರುತಿಸುವುದು ಕವಚದ ಮೇಲಿನ ಗೆರೆ, ರಂಧ್ರ, ಸೀಳುಗಳ ವಿನ್ಯಾಸದಿಂದ. ಅದು ಸ್ಪಷ್ಟ ಕಾಣಬೇಕಾದರೆ ಮಾದರಿಯನ್ನು ನೈಟ್ರಿಕ್ ಆಮ್ಲದಲ್ಲೋ ಹೈಡ್ರೋಜನ್ ಪೆರಾಕ್ಸೈಡಿನಲ್ಲೋ ಕಾಯಿಸಿ ಸಾವಯವ ಅಂಶವನ್ನೆಲ್ಲ ಸುಟ್ಟು, ಉಳಿದ ಸಿಲಿಕಾವನ್ನು ಸ್ಲೈಡಿಗೆ ಏರಿಸುತ್ತಾರೆ. ಲೋಳೆ, ಸಂಪುಟ, ಬ್ಯಾಕ್ಟೀರಿಯಾ, ಕೋಶದೊಳಗಿನ ಕಾಯ ಎಲ್ಲವೂ ಅಲ್ಲಿಗೆ ಮುಗಿಯಿತು. ಕರ್ನಾಟಕದ ಡಯಾಟಂಗಳ ಬಗ್ಗೆ ನಮಗಿರುವ ತಿಳಿವಳಿಕೆಯ ಅಡಿಗಲ್ಲೂ ಇಂಥ ಕವಚಗಳ ಅಧ್ಯಯನವೇ. ಎಚ್. ಪಿ. ಗಾಂಧಿ 1966ರಲ್ಲಿ ಪ್ರಕಟಿಸಿದ ಜೋಗ ಜಲಪಾತದ ಡಯಾಟಂ ಸಮೀಕ್ಷೆ ಪಶ್ಚಿಮಘಟ್ಟದಲ್ಲಿ ಈ ಕ್ಷೇತ್ರದಲ್ಲಿ ದುಡಿಯುವವರು ಇಂದಿಗೂ ತಿರುವಿಹಾಕುವ ಕೃತಿ. ನೀರಿನ ಗುಣಮಟ್ಟ ಅಳೆಯಲು ಬಳಸುವ ಡಯಾಟಂ ಸೂಚ್ಯಂಕಗಳೂ ಬಹುಮಟ್ಟಿಗೆ ಸ್ವಚ್ಛಗೊಳಿಸಿದ ಕವಚಗಳ ಎಣಿಕೆಯ ಮೇಲೆಯೇ ನಿಂತಿವೆ. ಆ ವಿಧಾನವನ್ನು ಬಿಡಬೇಕೆಂದಲ್ಲ. ಪ್ರಭೇದ ಗುರುತಿಸಲು ಅದು ಇಂದಿಗೂ ಮುಖ್ಯ ದಾರಿ. ಆದರೆ ಕೊಳಚೆ ಸೇರಿದ ಕೆರೆಯಲ್ಲಿ ಒಂದು ಪ್ರಭೇದ ಹೆಚ್ಚಿತೆಂದರೆ ಅದು ನೀರಿನ ರಸಾಯನಕ್ಕೆ ನೇರ ಪ್ರತಿಕ್ರಿಯೆಯೋ, ಸುತ್ತಲ ಬ್ಯಾಕ್ಟೀರಿಯಾ ಬದಲಾದದ್ದರ ಪರಿಣಾಮವೋ ಎಂಬ ಪ್ರಶ್ನೆಗೆ ಖಾಲಿ ಕವಚ ಉತ್ತರ ಕೊಡಲಾರದು. ಮಲೆನಾಡಿನ ತೊರೆಗಳಲ್ಲಿ ಮಾದರಿ ತೆಗೆಯುವವರು ಕಲ್ಲಿನಿಂದ ಕೆರೆದ ಲೋಳೆಯ ಒಂದು ಪಾಲನ್ನು ಆಮ್ಲಕ್ಕೆ ಹಾಕುವ ಮೊದಲೇ ತೆಗೆದು, ಡಿಎನ್‌ಎ ಪರೀಕ್ಷೆಗೆ ಬರುವಂತೆ ಶೈತ್ಯದಲ್ಲಿ ಇಟ್ಟುಕೊಳ್ಳಲಿ. ಖರ್ಚು ಹೆಚ್ಚಲ್ಲ, ಅದನ್ನು ಮುಂದೆ ಬಳಸಿಕೊಳ್ಳುವವರು ಇದ್ದೇ ಇರುತ್ತಾರೆ.